ಡ್ರೈವರ್ ಸಿದ್ದಲಿಂಗಪ್ಪನ ಏಲಕ್ಕಿ ಹಾರ

"ನನ್ನ ಬಸ್ಸಿಗೆ ಮೂವತ್ಮೂರು ವರ್ಷದಾಗ ಕುರಿ ಹತ್ತ್ಯಾವು, ಕೋಳಿ ಹತ್ತ್ಯಾವು, ಒಮ್ಮೆ ಮೆಣಸಿನಕಾಯಿ ಚೀಲದ ಜೋಡಿ ಒಂದು ನಾಗರಹಾವೂ ಹತ್ತೇತಿ. ಹೆದರಿಕಿ ಅನ್ನೋದು ಮಾತ್ರ ಒಂದಿನಾನೂ ಹತ್ತಿಲ್ಲ. ಹತ್ತಿದ್ರ ನಮ್ಮ ಗೂಡುಸಾಬ ಟಿಕೆಟ್ ಹರೀದ ಬಿಡತಿದ್ನೇನು?"

ಬ್ಯಾಡಗಿಯ ಡ್ರೈವರ್ ಸಿದ್ದಲಿಂಗಪ್ಪನಿಗೆ ಈ ಮಾತು ಹೇಳಲು ಕಾರಣ ಬೇಕಿರಲಿಲ್ಲ, ಕೇಳುವವರು ಸಿಕ್ಕರೆ ಸಾಕಿತ್ತು. ಯಾರೂ ಸಿಗದ ದಿನ ಮನೆಯ ಮುಂದಿನ ಬೇವಿನ ಗಿಡಕ್ಕೆ ಹೇಳುತ್ತಿದ್ದ. ಆ ಗಿಡ ಇವತ್ತಿಗೂ ಒಂದು ಕಡೆ ವಾಲಿಕೊಂಡಿದೆ. ಗಾಳಿಗೆ ವಾಲಿದ್ದು ಎಂದು ಕೆಲವರು ಹೇಳುತ್ತಾರೆ. ಅವರು ಸಿದ್ದಲಿಂಗಪ್ಪನ ಮಾತು ಕೇಳಿದವರಲ್ಲ.

ಹಾಗಂತ ಅವನು ಸುಮ್ಮನೆ ಬಾಯಿಬಡುಕನೂ ಅಲ್ಲ. ರಾಣೆಬೆನ್ನೂರಿನಿಂದ ಬ್ಯಾಡಗಿಯ ಮೇಲೆ ಹಾವೇರಿಗೆ ಹೋಗುವ ಆ ರಸ್ತೆಯಲ್ಲಿ ಒಂದೊಂದು ಗುಂಡಿಗೆ ಒಂದೊಂದು ಮೊಸಳೆ ಸಾಕಬಹುದಿತ್ತು. ಬೇರೆ ಡ್ರೈವರುಗಳ ಬಸ್ಸಿನಲ್ಲಿ ರಾಣೆಬೆನ್ನೂರಿನಲ್ಲಿ ಹತ್ತಿದ ಮೊಸರು ಹಾವೇರಿಯಲ್ಲಿ ಬೆಣ್ಣೆಯಾಗಿ ಇಳಿಯುತ್ತಿತ್ತು. ಸಿದ್ದಲಿಂಗಪ್ಪನ ಬಸ್ಸಿನಲ್ಲಿ ಹಾಲಿಗೆ ಹೆಪ್ಪು ಹಾಕಿಕೊಂಡು ಹತ್ತಿದರೆ ಇಳಿಯುವಾಗ ಗಟ್ಟಿ ಮೊಸರು. ಒಂದು ಗೆರೆ ಕೂಡ ಬಿದ್ದಿರುತ್ತಿರಲಿಲ್ಲ. ಅವನ ಬಸ್ಸಿನ ಕಂಡಕ್ಟರ್ ಗೂಡುಸಾಬ. ಇಬ್ಬರ ಮನೆಯೂ ಒಂದೇ ಓಣಿಯಲ್ಲಿ, ಎದುರುಬದುರು. ಅವನು ಸೀಟಿ ಊದಿದರೆ ಇವನು ನಿಲ್ಲಬೇಕು, ಇನ್ನೊಮ್ಮೆ ಊದಿದರೆ ಇವನು ಹೊರಡಬೇಕು. ಇಬ್ಬರೂ ನಿವೃತ್ತರಾದ ಮೇಲೂ ಈ ಪದ್ಧತಿ ಪೂರ್ತಿ ಬಿಟ್ಟುಹೋಗಿರಲಿಲ್ಲ.

2006ರಲ್ಲಿ ಸಿದ್ದಲಿಂಗಪ್ಪ ನಿವೃತ್ತನಾದ ದಿನ ಆ ದಾರಿಯ ದಿನನಿತ್ಯದ ಪ್ರಯಾಣಿಕರೆಲ್ಲ ಸೇರಿ ಅವನಿಗೊಂದು ಏಲಕ್ಕಿ ಹಾರ ಹಾಕಿದರು. ಹಾವೇರಿಯಲ್ಲೇ ಕಟ್ಟಿಸಿದ್ದು. ಮೂರೆಳೆ, ನಡುವೆ ಜರಿಯ ಗೊಂಡೆ. ನಮ್ಮ ಕಡೆ ಏಲಕ್ಕಿ ಹಾರವೆಂದರೆ ಸಿಕ್ಕಸಿಕ್ಕವರ ಕೊರಳಿಗೆ ಬೀಳುವುದಲ್ಲ. ಮಂತ್ರಿಗೆ ಬೀಳುತ್ತದೆ, ಮಠದ ಸ್ವಾಮಿಗಳಿಗೆ ಬೀಳುತ್ತದೆ, ಉಳ್ಳವರ ಮನೆಯ ಮದುಮಗನಿಗೆ ಬೀಳುತ್ತದೆ. ಆದ್ದರಿಂದ ಕೊರಳಲ್ಲಿ ಏಲಕ್ಕಿ ಹಾರ ಇದ್ದವರನ್ನು ಕಂಡರೆ ನಮ್ಮ ಜನ ಮೊದಲು ಕೈ ಮುಗಿಯುತ್ತಾರೆ. ಯಾರು, ಎತ್ತ ಎಂದು ವಿಚಾರಿಸುವುದು ಆಮೇಲೆ. ಸಿದ್ದಲಿಂಗಪ್ಪ ಆ ಹಾರಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿ ಪಡಸಾಲೆಯ ಗೋಡೆಗೆ ಹಾಕಿದ್ದ. ಮನೆಗೆ ಬಂದವರಿಗೆ ಮೊದಲು ಹಾರ ತೋರಿಸುತ್ತಿದ್ದ, ನೀರು ಕೊಡುವುದು ಎರಡನೆಯದು.

2009ರ ಶ್ರಾವಣದಲ್ಲಿ ಪುಣೆಯ ಕಡೆಯಿಂದ ಹಂದಿ ಜ್ವರದ ಸುದ್ದಿ ಬಂತು. ರೋಗಕ್ಕಿಂತ ಸುದ್ದಿಯ ಬಸ್ಸು ಬಲು ಜೋರು, ಅದಕ್ಕೆ ನಡುವೆ ಸ್ಟಾಪೇ ಇಲ್ಲ. ಬ್ಯಾಡಗಿಯೆಂದರೆ ಮೆಣಸಿನಕಾಯಿಯ ಊರು. ಇಲ್ಲಿ ಸೀನುವುದು ಉಸಿರಾಡಿದಷ್ಟೇ ಸಹಜ, ಹುಟ್ಟಿದ ಕೂಸು ಅಳುವ ಮೊದಲು ಸೀನುತ್ತದೆ. ಅಂಥ ಊರಲ್ಲೇ ಜನ ಒಬ್ಬರ ಸೀನನ್ನು ಒಬ್ಬರು ಎಣಿಸತೊಡಗಿದರು. ಮೂಗಿಗೆ ಕರವಸ್ತ್ರ ಬಂತು, ಟಾವೆಲ್ ಬಂತು, ಸೀರೆಯ ಸೆರಗು ಬಂತು. ಅದರ ಜೊತೆಗೆ ಒಂದು ಔಷಧವೂ ಬಂತು. ಏಲಕ್ಕಿ ಮತ್ತು ಕರ್ಪೂರ ಕುಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡು ಮೂಸುತ್ತಿದ್ದರೆ ರೋಗ ಹತ್ತಿರ ಸುಳಿಯುವುದಿಲ್ಲವಂತೆ. ಹೇಳಿದ್ದು ಡಾಕ್ಟರರಲ್ಲ, "ಯಾರೋ". ಡಾಕ್ಟರು ಹೇಳಿದ್ದನ್ನು ನಾವು ಮರೆಯುತ್ತೇವೆ, ಯಾರೋ ಹೇಳಿದ್ದನ್ನು ಮರೆಯುವುದಿಲ್ಲ. ವಾರದೊಳಗೆ ಊರಿನ ಕಿರಾಣಿ ಅಂಗಡಿಗಳಲ್ಲಿ ಏಲಕ್ಕಿ ಖಾಲಿಯಾಯಿತು.

ಸಿದ್ದಲಿಂಗಪ್ಪ ಇದನ್ನೆಲ್ಲ ಕಂಡು ಕಟ್ಟೆಯ ಮೇಲೆ ಕುಳಿತು ನಕ್ಕ. "ಹಂದಿ ಜ್ವರ ಹಂದಿಗೆ ಬರ್ಲಿ. ನಾನು ಲಾರಿ ಎದುರು ಬಂದ್ರೂ ಹಾರ್ನ್ ಹೊಡೀದ ಮನಶ್ಯಾ!"

ಆ ಹೊತ್ತಿಗೆ ಅವನ ಹೆಂಡತಿ ಗದಿಗೆವ್ವ ಪುಣೆಯಲ್ಲಿದ್ದಳು. ತಂಗಿಯ ಮೊಮ್ಮಗನಿಗೆ ಹೆಸರಿಡುವ ಕಾರ್ಯಕ್ಕೆ ಹೋದವಳು ಸೋಮವಾರ ತಿರುಗಿ ಬಂದಳು. ಬುಧವಾರ ಮಧ್ಯಾಹ್ನ ಗಂಡನ ತಾಟಿಗೆ ರೊಟ್ಟಿ ಹಾಕುವಾಗ ಅತ್ತ ಮುಖ ಮಾಡಿ ಒಂದೇ ಒಂದು ಸಲ ಸೀನಿದಳು.

ಸಿದ್ದಲಿಂಗಪ್ಪನ ಕೈ ಪಲ್ಯದಲ್ಲೇ ನಿಂತಿತು. "ಧೂಳೇನು?"

"ಧೂಳೆಲ್ಲಿ ಬಂತ್ರಿ? ನಿನ್ನೆಯಿಂದ ಮೈ ಬಿಸಿ ಆಗೇತಿ, ಗಂಟಲಾನೂ ಕೆರಿಯಾಕತ್ತೇತಿ."

ಅವನು ತಾಟು ಹಿಡಿದುಕೊಂಡೇ ಎದ್ದ. "ಗೂಡುಸಾಬ ಕರದಾನ, ಹೋಗಿ ಬರ್ತೇನಿ."

"ಎಂದ ಕರದಾನ?"

"ಹ್ವಾದ ವಾರ."

ಎದುರು ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತವನು ಸಂಜೆಯಾದರೂ ಏಳಲಿಲ್ಲ. ರಾತ್ರಿ ಅಲ್ಲೇ ಮಲಗಿದ. ಮರುದಿನ ಬೆಳಿಗ್ಗೆ ಗೂಡುಸಾಬನ ಹೆಂಡತಿ ದೌಲತಬಿ ಚಹಾ ತಂದಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಭಾವಾರ, ಅಲ್ಲಿ ಅಕ್ಕಾಗ ಜ್ವರ ಸುಡಾಕತ್ತಾವು. ನೀವಿಲ್ಲಿ ಏನ್ ಮಾಡಾಕತ್ತೀರಿ?"

"ಸಾಬನ ಜೋಡಿ ಒಂದು ಹಳೇ ವಿಚಾರ ಮಾತಾಡೋದಿತ್ತವಾ."

"ನನ್ನ ಜೋಡಿ?" ಎಂದ ಗೂಡುಸಾಬ. "ಮಾರಿಗೆ ಎರಡು ಟಾವೆಲ್ ಕಟಗೊಂಡು ಮಾತಾಡೋ ವಿಚಾರ ಯಾವ್ದೋ ಸಿದ್ದಣ್ಣಾ ಅದು? ಕಣ್ಣಷ್ಟ ಕಾಣಾಕತ್ತಾವು. ದರೋಡಿ ಮಾಡೋಣಂತೀ?"

ದೌಲತಬಿ ಅವರಿಬ್ಬರ ಮಾತಿಗೆ ಕಾಯದೆ ಗದಿಗೆವ್ವನನ್ನು ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪುಣೆಯಿಂದ ಬಂದವಳು, ಜ್ವರ, ಕೆಮ್ಮು. ಡಾಕ್ಟರು ಇಷ್ಟು ಕೇಳಿ ಹಾವೇರಿಯ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದರು. ಅಲ್ಲಿ ಬೇರೆ ಕೋಣೆಯಲ್ಲಿ ಇಡುತ್ತಾರೆ, ಗಂಟಲಿನ ದ್ರವ ತೆಗೆದು ದೊಡ್ಡ ಊರಿಗೆ ಕಳಿಸುತ್ತಾರೆ, ಹಂದಿ ಜ್ವರವೋ ಅಲ್ಲವೋ ಎಂದು ತಿಳಿಯಲು ಎರಡು ಮೂರು ದಿನ ಬೇಕು ಎಂದರು.

ಆಸ್ಪತ್ರೆಯ ಗಾಡಿ ಬಂದು ನಿಂತಾಗ ಗದಿಗೆವ್ವ ಬಾಗಿಲಲ್ಲಿ, ಸಿದ್ದಲಿಂಗಪ್ಪ ಎದುರು ಕಟ್ಟೆಯ ಕಂಬದ ಹಿಂದೆ. ನಡುವೆ ಓಣಿ. ಹನ್ನೆರಡು ಹೆಜ್ಜೆಯ ಓಣಿ ಅದು, ಅವತ್ತು ತುಂಗಭದ್ರೆಯಷ್ಟು ಅಗಲವಾಗಿತ್ತು.

"ಗ್ಯಾಸ್ ಬಂದ್ ಮಾಡೇನ್ರಿ," ಅಂದಳು ಗದಿಗೆವ್ವ. "ಬುಟ್ಟ್ಯಾಗ ರೊಟ್ಟಿ ಅದಾವು, ನಾಕ ದಿನಕ್ಕ ಸಾಕು. ಶೇಂಗಾ ಹಿಂಡಿ ಡಬ್ಬ್ಯಾಗೈತಿ. ಹತ್ರ ಬರಬ್ಯಾಡ್ರಿ, ಅಲ್ಲೇ ಇರ್ರಿ."

ಬರಬೇಡ ಎಂದು ಅವಳು ಹೇಳಬೇಕಾಗಿರಲಿಲ್ಲ. ಅವನು ಹೊರಟೇ ಇರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಮಾತು ಎರಡು ಟಾವೆಲಿನೊಳಗೇ ಉಳಿಯಿತು. ಕೊನೆಗೆ ಹಿಂದಿನ ಗಾಡಿಗೆ 'ಮುಂದ ಹೋಗು' ಎಂದು ಡ್ರೈವರು ಕಿಟಕಿಯಿಂದ ಕೈ ಬೀಸುತ್ತಾನಲ್ಲ, ಹಾಗೆ ಕೈ ಬೀಸಿದ. ಗಾಡಿ ಹೋಯಿತು.

ಅವತ್ತು ರಾತ್ರಿ ಮನೆಗೆ ಬಂದು ಮಲಗಿದ. ರೊಟ್ಟಿಯ ಬುಟ್ಟಿ ಮುಟ್ಟಲಿಲ್ಲ. ಜ್ವರದ ಕೈಯಲ್ಲಿ ಬಡಿದ ರೊಟ್ಟಿ, ಅದರ ಮೇಲೆ ರೋಗ ಕುಳಿತಿದ್ದರೆ? ಶುಕ್ರವಾರ ಪೂರ್ತಿ ಬಾಳೆಹಣ್ಣಿನ ಮೇಲೆ ಕಳೆದ. ಶನಿವಾರ ಬೆಳಿಗ್ಗೆ ಹಸಿವು ರೋಗಕ್ಕಿಂತ ದೊಡ್ಡದಾಯಿತು. ಬಟ್ಟೆ ಸರಿಸಿ ಮೇಲಿನ ರೊಟ್ಟಿ ತೆಗೆದ. ಬೆಳಕಿಗೆ ಹಿಡಿದ, ರೋಗ ಎಲ್ಲಾದರೂ ಕಾಣುತ್ತದೇನೋ ಎಂದು. ರೊಟ್ಟಿಯ ತುಂಬ ಗದಿಗೆವ್ವನ ಬೆರಳಿನ ಗುರುತು. ಮೈ ಸುಡುತ್ತಿರುವಾಗ ಒಲೆಯ ಮುಂದೆ ಕುಳಿತು ನಾಲ್ಕು ದಿನಕ್ಕಾಗುವಷ್ಟು ಬಡಿದಿದ್ದಳು. ಒಂದು ತುಂಡು ಬಾಯಿಗಿಟ್ಟ. ಇಳಿಯಲಿಲ್ಲ. ನೀರು ಕುಡಿದ. ನೀರಷ್ಟೇ ಇಳಿಯಿತು.

ಓಣಿ ದಾಟಿ ಗೂಡುಸಾಬನ ಮುಂದೆ ನಿಂತ. "ಸಾಬಾ, ಹಾವೇರಿಗೆ ಹೊಂಟೇನಿ."

"ಒಳಗ ಬಿಡಂಗಿಲ್ಲೋ. ದೌಲತಬಿನ್ನ ಸುದ್ದಾ ಬಾಗಲದಾಗಿಂದ ಹೊಳ್ಳಿಸಿ ಕಳಸ್ಯಾರ."

"ಬಿಡ್ಲಿ, ಬಿಡದಿರ್ಲಿ. ಅಕಿ ಹೋಗಾಗ ಒಂದು ಮಾತು ಸುದ್ದಾ ಆಡ್ಲಿಲ್ಲೋ ನಾನು. ಒಂದ್ವೇಳೆ ಏನರ ಆದ್ರ... ಕೈ ಬೀಸಿ ಕಳಿಸಿದೆ ಅಂತ ಉಳೀತೈತಿ."

"ಹೋಗು ಮತ್ತ, ನಿಂತಿ ಯಾಕ?"

"ಅಂಜಿಕಿ ಬರಾಕತ್ತೇತಿ."

ಗೂಡುಸಾಬ ಮೂವತ್ತು ವರ್ಷದಲ್ಲಿ ಕೇಳದ ಮಾತು ಇದು. ನಗುವುದಕ್ಕೂ ಮರೆತ.

ರೋಗ ತಡೆಯುವ ಔಷಧವಿಲ್ಲದೆ ಅಲ್ಲಿಗೆ ಹೋಗುವ ಎದೆ ಸಿದ್ದಲಿಂಗಪ್ಪನಿಗಿರಲಿಲ್ಲ. ಅಂಗಡಿಯಲ್ಲಿ ಏಲಕ್ಕಿ ಇರಲಿಲ್ಲ. ಗೋಡೆಯ ಮೇಲಿತ್ತು. ಬಿಡಿಸಿಕೊಂಡರೆ ಹಾರ ಹಾಳು, ಬಿಟ್ಟರೆ ಜೀವ ಹಾಳು. ಬಹಳ ಯೋಚಿಸಿ ಗಾಜಿನ ಪೆಟ್ಟಿಗೆ ಬಿಚ್ಚಿ ಹಾರವನ್ನು ಇಡಿಯಾಗಿ ಕೊರಳಿಗೆ ಹಾಕಿಕೊಂಡ. ಬೇರೆಯವರು ನಾಲ್ಕು ಏಲಕ್ಕಿ ಮೂಸಿ ಬದುಕುವುದಾದರೆ ತಾನು ಮೂರೆಳೆ ಏಲಕ್ಕಿಯಲ್ಲಿ ನೂರಾ ಐವತ್ತು ವರ್ಷ ಬದುಕುತ್ತೇನೆಂಬ ಲೆಕ್ಕ. ಮಡಿ ಧೋತರ ಉಟ್ಟು, ಬಿಳಿ ಅಂಗಿ ತೊಟ್ಟು, ಹಳದಿ ರುಮಾಲು ಸುತ್ತಿದ. ಕರವಸ್ತ್ರದಲ್ಲಿ ಒಂದು ಮುಷ್ಟಿ ಕರ್ಪೂರ ಕಟ್ಟಿಕೊಂಡು ಮೂಗಿಗೆ ಹಿಡಿದು ಬಸ್ಸು ಹತ್ತಿದ.

ಬಸ್ಸಿನಲ್ಲಿ ಜನ ಎದ್ದು ನಿಂತರು. ಮುಂದಿನ ಸೀಟು ಖಾಲಿಯಾಯಿತು. ಹೊಸ ಕಂಡಕ್ಟರ್ ಕೈ ಮುಗಿದು ಕೇಳಿದ, "ಎಲ್ಲಿ ಕಾರ್ಯಕ್ರಮರೀ?"

"ಆಸ್ಪತ್ರ್ಯಾಗ," ಎಂದ ಸಿದ್ದಲಿಂಗಪ್ಪ ಕರ್ಪೂರದೊಳಗಿನಿಂದ.

ಅವನಿಗೆ ಗೊತ್ತಿರಲಿಲ್ಲ, ಅವತ್ತು ಆಸ್ಪತ್ರೆಯಲ್ಲಿ ನಿಜವಾಗಿಯೂ ಕಾರ್ಯಕ್ರಮವಿತ್ತು. ಒಂದು ಸೇವಾ ಸಂಘದವರು ಅಂಗಳದಲ್ಲಿ ಶಾಮಿಯಾನ ಹಾಕಿ, 'ಹಂದಿ ಜ್ವರ: ಭಯ ಬೇಡ' ಎಂದು ಬ್ಯಾನರ್ ಕಟ್ಟಿ, ಬೆಳಗಿನಿಂದ ಮುಖ್ಯ ಅತಿಥಿಯ ದಾರಿ ಕಾಯುತ್ತಿದ್ದರು. ಮುಖ್ಯ ಅತಿಥಿಗೆ ಒಳಗೆ ಹಂದಿ ಜ್ವರದ ಸಂಶಯವಿರುವ ಒಬ್ಬ ರೋಗಿ ಇರುವುದು ಅರ್ಧ ದಾರಿಯಲ್ಲಿ ತಿಳಿದಿತ್ತು. ಅವರ ಕಾರಿಗೆ ಅಲ್ಲೇ ಬೇರೆ ಊರಿನ ಕೆಲಸ ನೆನಪಾಗಿತ್ತು. ಸಂಘದವರಿಗೆ ಇದು ಗೊತ್ತಿಲ್ಲ, ಅತಿಥಿಯ ಮುಖವೂ ಗೊತ್ತಿಲ್ಲ. ಹಾರ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಗೇಟಿನ ಕಾವಲುಗಾರ ಮೈಲಾರೆಪ್ಪ ಮೂರು ದಿನದಿಂದ ರೋಗಿಗಳ ಬಳಗವನ್ನೆಲ್ಲ ಬೈದು ಕಳಿಸಿದವನು, ಹಾರ ಕಂಡದ್ದೇ ಸೆಲ್ಯೂಟ್ ಹೊಡೆದು ಕೂಗಿದ. "ಅತಿಥಿಗಳು ಬಂದ್ರ್ಯೋ!"

ಸಂಘದ ಕಾರ್ಯದರ್ಶಿ ವಿಜಯಮಹಾಂತೇಶ ಓಡಿ ಬಂದ. "ಬರ್ರಿ ಸರ್, ಬರ್ರಿ! ದಾರಿ ನೋಡಿ ನೋಡಿ ಕಣ್ಣು ಹ್ವಾದ್ವು."

"ಅಲ್ರೀ, ನಾನು ನಮ್ಮ ಮನಿಯವರನ್ನ..."

"ಮನಿಯವರೂ ಬಂದಾರೇನ್ರೀ? ಛಲೋ ಆತು, ಇನ್ನೊಂದು ಕುರ್ಚಿ ಹಾಕಸ್ತೇನಿ."

"ಅವರು ಒಳಗ..."

"ಒಳಗ ಎಲ್ಲಾ ಆಮ್ಯಾಲ ಸರ್. ಮೊದಲ ದೀಪ."

ದೀಪ ಹಚ್ಚಿಸಿದರು. ಒಂದು ಕೈ ಕರ್ಪೂರ ಬಿಡದೆ ನಾಲ್ಕು ಕಡ್ಡಿ ಹೋದವು, ಐದನೆಯದಕ್ಕೆ ಹತ್ತಿತು. ವಯಸ್ಸಾದ ನಾಯಕರು ಎಂದು ಜನ ಗೌರವದಿಂದ ನೋಡಿದರು. ಆಮೇಲೆ ಮೈಕ್ ತಂದು ಬಾಯಿಯ ಮುಂದಿಟ್ಟರು. ಎದುರಿಗೆ ನೂರು ಜನ, ತಲೆಯ ಮೇಲೆ 'ಭಯ ಬೇಡ'. ಸಿದ್ದಲಿಂಗಪ್ಪನ ಬಾಯಿ ರೂಢಿಯ ದಾರಿ ಹಿಡಿಯಿತು.

"ನನ್ನ ಬಸ್ಸಿಗೆ ಹೆದರಿಕಿ ಅನ್ನೋದು ಒಂದಿನಾನೂ..." ಎಂದು ಶುರು ಮಾಡಿದ. ಎದುರಿಗೆ ಆಸ್ಪತ್ರೆಯ ಕಿಟಕಿ ಕಂಡಿತು. ನಿಂತ. "ಬರತೈತ್ರಿ. ಹೆದರಿಕಿ ಬರತೈತಿ. ನನಗ ಬಂದೈತಿ. ಈ ಹಾರ ಮಾನಕ್ಕ ಹಾಕ್ಕೊಂಡಿಲ್ಲ, ಅಂಜಿ ಹಾಕ್ಕೊಂಡೇನಿ." ಇಷ್ಟು ಹೇಳಿ ಕುಳಿತುಬಿಟ್ಟ.

ಶಾಮಿಯಾನ ಹಾರುವಂತೆ ಚಪ್ಪಾಳೆ. ನಕ್ಕವರು ನಕ್ಕರು, ಕಣ್ಣೊರೆಸಿಕೊಂಡವರು ಒರೆಸಿಕೊಂಡರು. ಹಾವೇರಿ ಜಿಲ್ಲೆಯಲ್ಲಿ ಅದಕ್ಕಿಂತ ಸಣ್ಣ ಭಾಷಣ ಅಲ್ಲಿಯ ತನಕ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಕೊನೆಯ ಕಾರ್ಯಕ್ರಮ, ಒಳಗಿನ ರೋಗಿಗೆ ಹಣ್ಣು ಕೊಡುವುದು. ಡಾಕ್ಟರಮ್ಮ ಬಂದು, "ಒಳಗ ಒಬ್ಬರಷ್ಟ ಬರಬಹುದು, ಮಾಸ್ಕ್ ಹಾಕ್ಕೊಂಡು, ಎರಡು ನಿಮಿಷ," ಎಂದರು. ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನಿಗೆ ಫೋನ್ ಬಂತು, ಅದು ಗಂಟೆ ಹೊಡೆಯದೆಯೇ ಬಂತು. ಇನ್ನೊಬ್ಬ ಚಪ್ಪಲಿಯ ಉಂಗುಟ ಸರಿ ಮಾಡಲು ಬಗ್ಗಿದವನು ಏಳಲಿಲ್ಲ. ವಿಜಯಮಹಾಂತೇಶ ಮೋಸಂಬಿಯ ಚೀಲವನ್ನು ಸಿದ್ದಲಿಂಗಪ್ಪನ ಕೈಗಿಟ್ಟ. "ಮುಖ್ಯ ಅತಿಥಿಗಳು ಹೋದ್ರನ ಶೋಭಾ ಸರ್."

ಡಾಕ್ಟರಮ್ಮ ಅವನ ಕರವಸ್ತ್ರ ಕಿತ್ತು ಕಿಸೆಗೆ ಹಾಕಿಸಿ ಹಸಿರು ಮಾಸ್ಕ್ ಕಟ್ಟಿಸಿದರು. ಬಾಗಿಲಿನಿಂದ ಮಂಚಕ್ಕೆ ಎಂಟು ಹೆಜ್ಜೆ. ಸಿದ್ದಲಿಂಗಪ್ಪನಿಗೆ ಅದು ರಾಣೆಬೆನ್ನೂರಿನಿಂದ ಹಾವೇರಿಯಷ್ಟು ದೂರ. ಎರಡನೆಯ ಹೆಜ್ಜೆಗೆ ಬ್ಯಾಡಗಿ ಬಂತು. ಐದನೆಯದಕ್ಕೆ ಮೋಟೆಬೆನ್ನೂರು ಬಂತು, ಅಲ್ಲಿ ಕಾಲು ನಿಂತವು. ತಿರುಗಿ ನೋಡಿದ. ಬಾಗಿಲು ತೆರೆದೇ ಇತ್ತು. ಹಲ್ಲು ಕಚ್ಚಿ ಉಳಿದ ಮೂರು ಹೆಜ್ಜೆ ಇಟ್ಟ.

ಗದಿಗೆವ್ವ ಮಂಚದ ಮೇಲೆ ಕುಳಿತು ಹೆರಳು ಹಾಕಿಕೊಳ್ಳುತ್ತಿದ್ದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ ಮದುವಿರೀ?"

"ಯಾರದೂ ಅಲ್ಲ. ನಿನ್ನ ನೋಡಾಕ ಬಂದೇನಿ."

"ಹಾರ ಹಾಕ್ಕೊಂಡು?"

"ಏಲಕ್ಕಿ ರೋಗ ತಡೀತೈತಂತ."

"ಹೌದೇನು? ಮತ್ತ ರೋಗ ಬಂದಿದ್ದು ನನಗ, ಹಾರ ನಿಮ್ಮ ಕೊಳ್ಳಾಗ."

ಸಿದ್ದಲಿಂಗಪ್ಪ ಮೋಸಂಬಿಯ ಚೀಲ ಮಂಚದ ಮೇಲಿಟ್ಟ. ಆಮೇಲೆ ಹಾರ ತೆಗೆದು ಅವಳ ಕೊರಳಿಗೆ ಹಾಕಿದ. ಹಿಂದೊಮ್ಮೆ ಒಬ್ಬರ ಕೊರಳಿಗೆ ಹಾರ ಹಾಕಿದ್ದು ಮೂವತ್ತೇಳು ವರ್ಷದ ಕೆಳಗೆ. ಅವತ್ತೂ ಎದುರಿಗಿದ್ದವಳು ಇವಳೇ.

"ಅವತ್ತು ಮಾತಾಡ್ಲಿಲ್ಲ ನಾನು," ಎಂದ. "ತಪ್ಪಾತು."

ಗದಿಗೆವ್ವ ಏನೋ ಹೇಳಬೇಕೆನ್ನುವಷ್ಟರಲ್ಲಿ, ಬ್ಯಾಡಗಿಯಿಂದ ಮೂಗಿನಲ್ಲಿ ತುಂಬಿಕೊಂಡು ಬಂದಿದ್ದ ಒಂದು ಮುಷ್ಟಿ ಕರ್ಪೂರ ತನ್ನ ಕೆಲಸ ಶುರು ಮಾಡಿತು. ಸಿದ್ದಲಿಂಗಪ್ಪ ಸೀನಿದ. ಮೂವತ್ಮೂರು ವರ್ಷದ ಹಾರ್ನ್ ಅದು. ಮಾಸ್ಕ್ ಹಾರಿ ಕಿಟಕಿಗೆ ಅಂಟಿಕೊಂಡಿತು. ಹೊರಗೆ ಸೇವಾ ಸಂಘ ಚದುರಿದ ರಭಸಕ್ಕೆ ಶಾಮಿಯಾನದ ಎರಡು ಗೂಟ ಕಿತ್ತವು. ಸಂಘದವರು ಕರೆಸಿದ್ದ ಫೋಟೋದವನು ಗುತ್ತಲದ ಬಸ್ಸು ಹತ್ತಿದ್ದನ್ನು ನೋಡಿದವರಿದ್ದಾರೆ, ಅವನ ಊರು ಅದಲ್ಲ.

"ದೂರ ಸರೀರಿ!" ಎಂದು ಗದಿಗೆವ್ವ ಸೆರಗು ಮೂಗಿಗೆ ಹಿಡಿದಳು. "ಆರಾಮ ಆಗೇನಿ ಈಗ, ನನಗ ಹಚ್ಚಬ್ಯಾಡ್ರಿ!"

ಇದೇ ಹೊತ್ತಿಗೆ ಡಾಕ್ಟರಮ್ಮ ಒಂದು ಕಾಗದ ಹಿಡಿದುಕೊಂಡು ಬಂದರು. ಮುಖದಲ್ಲಿ ನಗು. "ಗದಿಗೆವ್ವಾರ, ರಿಪೋರ್ಟ್ ಬಂತು. ಹಂದಿ ಜ್ವರ ಅಲ್ಲ, ಸಾದಾ ಜ್ವರ. ಜ್ವರಾನೂ ಬಿಟ್ಟಾವು. ಸಂಜಿಗೆ ಮನಿಗೆ ಹೋಗ್ರಿ. ಯಾರರ ಬಂದಾರೇನು ಕರಕೊಂಡ ಹೋಗಾಕ?"

"ಇವರ ಅದಾರಲ್ಲ, ನಮ್ಮ ಯಜಮಾನರು."

"ಇವರು ಮುಖ್ಯ ಅತಿಥಿ ಅಂದ್ರು?"

"ನಮ್ಮ ಮನ್ಯಾಗೂ ಮುಖ್ಯ ಅತಿಥಿನ ಡಾಕ್ಟರವ್ವಾ. ಉಣ್ಣೋ ಹೊತ್ತಿಗೆ ಬರತಾರ."

ಸಿದ್ದಲಿಂಗಪ್ಪ ನಕ್ಕ. ಮಂಚದ ತುದಿಗೆ ಕುಳಿತ. ಮೂರು ದಿನದಿಂದ ಎದೆಯ ಮೇಲಿದ್ದ ಲೋಡು ಲಾರಿ ಮೆಲ್ಲಗೆ ರಿವರ್ಸ್ ಹೋಗಿ ಇಳಿಯಿತು. ಚೀಲಕ್ಕೆ ಕೈ ಹಾಕಿ ರೋಗಿಗೆಂದು ತಂದ ಮೋಸಂಬಿಯನ್ನು ತಾನೇ ಸುಲಿದು ತಿಂದ. ಒಂದಲ್ಲ, ನಾಲ್ಕು. ಐದನೆಯದನ್ನು ಗದಿಗೆವ್ವ ಕೈಯಿಂದ ಕಸಿದುಕೊಂಡಳು.

ಸಂಜೆ ಬ್ಯಾಡಗಿಯ ಬಸ್ಸಿಗೆ ಹಾರ ಹಾಕಿಕೊಂಡು ಹತ್ತಿದ್ದು ಗದಿಗೆವ್ವ. ಜನ ಎದ್ದು ಜಾಗ ಕೊಟ್ಟರು. ಬೆಳಗಿನ ಕಂಡಕ್ಟರೇ ಇದ್ದ. "ಕಾರ್ಯಕ್ರಮ ಹೆಂಗಾತ್ರಿ ಅಜ್ಜಾರ?"

"ಭಾಳ ಛಲೋ ಆತಪಾ," ಎಂದ ಸಿದ್ದಲಿಂಗಪ್ಪ. ಕಿಟಕಿ ತೆರೆದು ಬರಿ ಮೂಗಿನಿಂದ ಗಾಳಿ ಎಳೆದುಕೊಂಡ.

ಮೂರು ದಿನದಿಂದ ಅವರ ಮನೆಯ ಕಡೆಯ ಕಿಟಕಿ ಮುಚ್ಚಿಕೊಂಡಿದ್ದ ಓಣಿ, ಗದಿಗೆವ್ವ ಏಲಕ್ಕಿ ಹಾರದಲ್ಲಿ ನಡೆದು ಬಂದದ್ದನ್ನು ಕಂಡು ತಾನಾಗಿ ತೆರೆಯಿತು. ಹಾರ ಹಾಕಿ ಕಳಿಸಿದ್ದಾರೆಂದರೆ ರೋಗವಿಲ್ಲ, ರೋಗಕ್ಕೆ ಯಾರು ಹಾರ ಹಾಕುತ್ತಾರೆ? ಜನ ಒಬ್ಬೊಬ್ಬರೇ ಬಂದು ಮಾತಾಡಿಸಿದರು. ದೌಲತಬಿ ದೊಡ್ಡ ಪಾತ್ರೆಯಲ್ಲಿ ಚಹಾ ಇಟ್ಟು ಏಲಕ್ಕಿ ಇಲ್ಲವಲ್ಲ ಎಂದಳು. ಸಿದ್ದಲಿಂಗಪ್ಪ ತಾನೇ ಎದ್ದು ಹಾರದ ಕೆಳಗಿನ ಎಳೆ ಹರಿದು ಅವಳ ಉಡಿಗೆ ಹಾಕಿದ. ನೀರು ಕೊಡುವ ಮೊದಲು ಹಾರ ತೋರಿಸುತ್ತಿದ್ದವನು! ಬೇವಿನ ಗಿಡವೂ ಒಂದು ಗೇಣು ನೆಟ್ಟಗಾಯಿತು ಎನ್ನುತ್ತಾರೆ.

"ರೊಟ್ಟಿ ಉಂಡ್ರ್ಯೋ ಇಲ್ಲೋ?" ಎಂದು ಗದಿಗೆವ್ವ ಒಳಗಿನಿಂದ ಕೇಳಿದಳು.

"ಈಗ ಉಣ್ಣತೇನಿ, ತಗೊಂಡ ಬಾ. ಎಲ್ಲಾ ತಗೊಂಡ ಬಾ."

ಗೂಡುಸಾಬ ಚಹಾದ ಬಟ್ಟಲು ಕೆಳಗಿಟ್ಟ. ಕಟ್ಟೆಯ ತುಂಬ ಜನ ಇರುವುದನ್ನು ಒಮ್ಮೆ ನೋಡಿಕೊಂಡ. ಮೂವತ್ತು ವರ್ಷ ಕಾದ ಹೊತ್ತು ಬಂದಿತ್ತು.

"ಏನಪಾ ಸಿದ್ದಣ್ಣಾ, ನಿನ್ನ ಬಸ್ಸಿಗೆ ಹೆದರಿಕಿ ಎಂದೂ ಹತ್ತಿಲ್ಲ ಅಂತಿದ್ದೆಲ್ಲ? ಈ ವಾರ ಹತ್ತಿತ್ತೋ ಇಲ್ಲೋ? ನಮ್ಮ ಕಟ್ಟಿ ಮ್ಯಾಲೆ ಎರಡು ಟಾವೆಲ್ ಕಟಗೊಂಡು ಮಲಗಿದ್ದು ಯಾರು? ಮಂದ್ಯಾಗ ಹೇಳು!"

ಕಟ್ಟೆ ನಕ್ಕಿತು. ಸಿದ್ದಲಿಂಗಪ್ಪ ರೊಟ್ಟಿ ಮುರಿದು ಶೇಂಗಾ ಹಿಂಡಿ ಹಚ್ಚಿಕೊಂಡು ಬಾಯಿಗಿಟ್ಟ. ನಿಧಾನವಾಗಿ ಅಗಿದ, ನುಂಗಿದ.

"ಹತ್ತಿತ್ತಲೇ. ಬ್ಯಾಡಗಿಯಿಂದ ಹಾವೇರಿ ತನಕಾ ನನ್ನ ಮಗ್ಗಲದಾಗ ಕುಂತು ಬಂತು, ಖರೇ. ಆದ್ರ ಯಾರು ಹತ್ತ್ಯಾರ, ಯಾರು ಇಳದಾರ ನೋಡೋದು ಕಂಡಕ್ಟರ್ ಕೆಲಸ. ಗಾಡಿ ಊರಿಗೆ ಮುಟ್ಟಸೋದು ಡ್ರೈವರ್ ಕೆಲಸ. ಮುಟ್ಟಿಸಿದೆನೋ ಇಲ್ಲೋ, ಅದನ್ನ ಹೇಳು."